ಟೈಮ್‌ಔಟ್ ಬಂತೆಂದು ಮತ್ತೆ ಕಳಿಸುವ ಮೊದಲು

ಸಂಬಳದ ಚೀಟಿ ಐದೈದು ಸಲ ಬಂದಿದೆ ಎಂದು ನೌಕರರು ದೂರುತ್ತಾರೆ. ಅದೇ ಹೊತ್ತಿಗೆ ಅಕೌಂಟ್ಸ್ ವಿಭಾಗದವರ ಪರದೆಯ ಮೇಲೆ ‘ಚೀಟಿ ಕಳಿಸಲಾಗಲಿಲ್ಲ’ ಎಂಬ ಕೆಂಪು ಅಕ್ಷರಗಳು. ಕೋಡ್ ತೆಗೆದು ನೋಡಿದರೆ ಕಳಿಸುವ ಸಾಲು ಒಂದೇ ಇದೆ, ಅದರ ಸುತ್ತ ಯಾವ ಲೂಪೂ ಇಲ್ಲ. ಆಮೇಲೆ ಕೇಳಿಬರುವ ಮಾತು ಸಾಮಾನ್ಯವಾಗಿ ಒಂದೇ: ‘ಕ್ಲೌಡ್‌ನಲ್ಲೇ ಏನೋ ತೊಂದರೆ ಇರಬೇಕು ಸರ್.’ ಕ್ಲೌಡ್ ತನಗೆ ಹೇಳಿದ್ದನ್ನು ಹೇಳಿದಷ್ಟು ಸಲ ಮಾಡಿದೆ, ಅಷ್ಟೆ. ಐದು ಸಲ ಹೇಳಿದ್ದು ನೀವು ಕಟ್ಟಿದ ಕ್ಲೈಂಟ್, ಅಂದರೆ ಕ್ಲೌಡ್‌ಗೆ ಕೋರಿಕೆ ಕಳಿಸುವ ನಿಮ್ಮ ಕಡೆಯ ಕೋಡ್. ಹಾಗೆ ಹೇಳುವ ಅಧಿಕಾರ ಅದಕ್ಕೆ ಸಿಕ್ಕಿದ್ದು ನೀವು ಕೈಯಿಡದೆ ಬಿಟ್ಟ ಎರಡು ಮೂರು ಸೆಟ್ಟಿಂಗ್‌ಗಳಿಂದ.

ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯುಎಸ್‌ನ ಸೇವೆಗಳನ್ನೂ ಅವನ್ನು ಪೈಥಾನ್‌ನಿಂದ ಕರೆಯುವ ಬೋಟೊ3 ಲೈಬ್ರರಿಯನ್ನೂ ಇಟ್ಟುಕೊಂಡು ವಿವರಿಸುತ್ತೇನೆ. ಬೇರೆ ಎಸ್‌ಡಿಕೆಗಳಲ್ಲಿ (ಕ್ಲೌಡ್ ಸೇವೆ ಕರೆಯಲು ಕೊಡುವ ಇಂಥ ಲೈಬ್ರರಿಗಳಲ್ಲಿ) ಅಂಕಿಗಳು ಬೇರೆ, ತೊಂದರೆ ಇದೇ. ರೀಜನ್ ಯಾವುದಿರಬೇಕು, ಐಎಎಂ ರೋಲ್ ಹೇಗೆ ಕೊಡಬೇಕು, ಆಕ್ಸೆಸ್ ಕೀಯನ್ನು ಕೋಡ್‌ನೊಳಗೆ ಏಕೆ ಬರೆಯಬಾರದು ಎಂಬುದೆಲ್ಲ ನಿಮಗೆ ಗೊತ್ತಿದೆ ಎಂದುಕೊಂಡೇ ಮುಂದೆ ಹೋಗುತ್ತೇನೆ.

ಬೋಟೊ3ರಲ್ಲಿ ಏನನ್ನೂ ಹೇಳದೆ ಕ್ಲೈಂಟ್ ತೆರೆದರೆ ಕನೆಕ್ಟ್ ಟೈಮ್‌ಔಟ್ (ಸಂಪರ್ಕ ಸಿಗಲು ಕಾಯುವ ಮಿತಿ) 60 ಸೆಕೆಂಡು, ರೀಡ್ ಟೈಮ್‌ಔಟ್ (ಉತ್ತರಕ್ಕೆ ಕಾಯುವ ಮಿತಿ) 60 ಸೆಕೆಂಡು. ರೀಟ್ರೈ, ಅಂದರೆ ಮರುಪ್ರಯತ್ನ, ‘ಲೆಗಸಿ’ ಮೋಡ್‌ನಲ್ಲಿದ್ದರೆ ಮೊದಲ ಕರೆಯೂ ಸೇರಿ ಒಟ್ಟು 5 ಪ್ರಯತ್ನ. ‘ಸ್ಟ್ಯಾಂಡರ್ಡ್’ ಮೋಡ್‌ನಲ್ಲಿ 3. ಡೀಫಾಲ್ಟ್‌ಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಹುದು, ಹಾಗಾಗಿ ನೀವು ಬಳಸುತ್ತಿರುವ ಆವೃತ್ತಿಯ ಡಾಕ್ಯುಮೆಂಟೇಶನ್ ನೋಡಿಕೊಳ್ಳಿ.

ಸಂಬಳದ ಚೀಟಿಯ ಪಿಡಿಎಫ್ ಮಾಡಿ ಮೇಲ್ ಕಳಿಸುವ ಲ್ಯಾಂಬ್ಡಾ ಫಂಕ್ಷನ್‌ಗೆ (ಎಡಬ್ಲ್ಯುಎಸ್ ತನ್ನ ಸರ್ವರ್‌ನಲ್ಲಿ ಓಡಿಸುವ ನಿಮ್ಮ ಕೋಡ್‌ಗೆ) 90 ಸೆಕೆಂಡು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಕ್ಲೈಂಟ್ ಅದನ್ನು ಕರೆದು ಉತ್ತರಕ್ಕೆ ಕಾಯುತ್ತದೆ. 60 ಸೆಕೆಂಡಾದರೂ ಒಂದು ಬೈಟೂ ಬರದಿದ್ದಾಗ ಸಂಪರ್ಕ ಮುರಿದು ಮತ್ತೆ ಕರೆಯುತ್ತದೆ. ಮೊದಲು ಓಡಲು ಶುರುಮಾಡಿದ ಫಂಕ್ಷನ್‌ಗೆ ಇದರ ಸುಳಿವೇ ಇರುವುದಿಲ್ಲ. ಅದು ಇನ್ನೂ 30 ಸೆಕೆಂಡು ಓಡಿ, ಎಲ್ಲರಿಗೂ ಚೀಟಿ ಕಳಿಸಿ, ಕೆಲಸ ಮುಗಿಯಿತೆಂದು ಸುಮ್ಮನಾಗುತ್ತದೆ. ಎರಡನೆಯದೂ ಹಾಗೆಯೇ, ಐದನೆಯದೂ ಹಾಗೆಯೇ. ಐದೂ ಸಲ ಕೆಲಸ ಪೂರ್ತಿಯಾಗಿದೆ. ಕ್ಲೈಂಟ್ ಮಾತ್ರ ಐದು ನಿಮಿಷ ಕಾದು ಕೊನೆಗೆ ರೀಡ್ ಟೈಮ್‌ಔಟ್ ಎರರ್ ಎಸೆಯುತ್ತದೆ. ಪರದೆಯ ಮೇಲಿನ ಎರರ್ ನೋಡಿದ ಅಕೌಂಟ್ಸ್‌ನವರು ಪಾಪ ಇನ್ನೊಮ್ಮೆ ಬಟನ್ ಒತ್ತುತ್ತಾರೆ. ಇನ್ನೂ ಐದು.

ಇದು ಎಡಬ್ಲ್ಯುಎಸ್ ಓಟಗಳ ದಾಖಲೆ ಇಡುವ ಕ್ಲೌಡ್‌ವಾಚ್ ಲಾಗ್‌ನಲ್ಲಿ ಎದ್ದು ಕಾಣುತ್ತದೆ, ನೋಡುವ ಕಡೆ ನೋಡಿದರೆ. ‘ಸ್ಟಾರ್ಟ್’ ಸಾಲುಗಳ ಹೊತ್ತು 10:00:00, 10:01:00, 10:02:01, 10:03:04, 10:04:09 ಎಂಬಂತೆ ಸಾಗುತ್ತದೆ. ಒಂದೊಂದರ ನಡುವೆ 60 ಸೆಕೆಂಡು, ಜೊತೆಗೆ ಪ್ರತಿ ಸಲ ದೊಡ್ಡದಾಗಬಲ್ಲ ಒಂದು ಸಣ್ಣ ಬಿಡುವು. ಈ ಬಿಡುವು ಎಸ್‌ಡಿಕೆಯ ಬ್ಯಾಕ್‌ಆಫ್; ಅದು ಕಂಡರೆ ಬಟನ್ ಒತ್ತಿದ್ದು ಮನುಷ್ಯನಲ್ಲ ಎಂದು ತಿಳಿಯಬಹುದು. ಆದರೆ ಒಂದು ಓಟ ಮುಗಿಯುವ ಮುಂಚೆ ಇನ್ನೊಂದು ಶುರುವಾಗುವುದರಿಂದ ಈ ಸಾಲುಗಳು ಬೇರೆ ಬೇರೆ ಲಾಗ್ ಸ್ಟ್ರೀಮ್‌ಗಳಲ್ಲಿ ಹಂಚಿಹೋಗಿರುತ್ತವೆ. ಒಂದೇ ಸ್ಟ್ರೀಮ್ ತೆರೆದು ನೋಡಿ ಲೆಕ್ಕ ಸರಿಯಿಲ್ಲ ಎನ್ನಬೇಡಿ, ಇಡೀ ಲಾಗ್ ಗ್ರೂಪ್‌ನಲ್ಲಿ ಹುಡುಕಿ. ಐದು ಓಟಗಳ ರಿಕ್ವೆಸ್ಟ್ ಐಡಿಯೂ ಐದು ಬೇರೆ. ರಿಕ್ವೆಸ್ಟ್ ಐಡಿ ನೋಡಿ ನಕಲು ತಡೆಯುತ್ತೇವೆ ಎಂದು ಬರೆದಿಟ್ಟ ಕೋಡ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಈಗ ಎಷ್ಟು ಸಲ ಹೇಳಿದರೂ ಜಾರಿಹೋಗುವ ಮಾತಿಗೆ ಬರುತ್ತೇನೆ. ರೀಡ್ ಟೈಮ್‌ಔಟ್ ಆಯಿತು ಎಂದರೆ ಕೆಲಸ ಆಗಿದೆಯೋ ಇಲ್ಲವೋ ಕ್ಲೈಂಟ್‌ಗೆ ತಿಳಿದಿಲ್ಲ ಎಂದಷ್ಟೇ ಅರ್ಥ. ಕೋರಿಕೆ ಸರ್ವರ್‌ಗೆ ತಲುಪದೇ ಇರಬಹುದು. ತಲುಪಿ, ಅರ್ಧದಲ್ಲಿ ಬಿದ್ದಿರಬಹುದು. ಪೂರ್ತಿ ಮುಗಿದು, ಉತ್ತರ ಮಾತ್ರ ಬಾರದೇ ಇರಬಹುದು. ಈ ಮೂರೂ ಕ್ಲೈಂಟ್ ಕೂತಿರುವ ಕಡೆಯಿಂದ ಒಂದೇ ಥರ ಕಾಣುತ್ತವೆ. ಎಷ್ಟೇ ಜಾಣತನದ ಎಕ್ಸೆಪ್ಶನ್ ಹ್ಯಾಂಡ್ಲಿಂಗ್ ಬರೆದರೂ ಆ ಎರರ್‌ನೊಳಗಿಂದ ಉತ್ತರ ಹೊರಡುವುದಿಲ್ಲ. ಅಂಗಡಿಯಲ್ಲಿ ಯುಪಿಐ ಪಾವತಿ ‘ಪ್ರೊಸೆಸಿಂಗ್’ ಎಂದು ತಿರುಗುತ್ತಾ ನಿಂತರೆ ನೀವೇನು ಮಾಡುತ್ತೀರಿ? ಇನ್ನೊಮ್ಮೆ ಸ್ಕ್ಯಾನ್ ಮಾಡುವ ಮೊದಲು ಖಾತೆಯಿಂದ ದುಡ್ಡು ಹೋಗಿದೆಯಾ ಎಂದು ನೋಡುತ್ತೀರಿ. ಆ ಎಚ್ಚರವನ್ನೇ ಕ್ಲೈಂಟ್‌ಗೂ ಕಲಿಸಬೇಕು. ಕನೆಕ್ಟ್ ಟೈಮ್‌ಔಟ್‌ನ ಮಾತು ಬೇರೆ: ಅಲ್ಲಿ ಸಂಪರ್ಕವೇ ಆಗಿರುವುದಿಲ್ಲ, ಕೋರಿಕೆ ಹೊರಟೇ ಇಲ್ಲ, ಹಾಗಾಗಿ ಮತ್ತೆ ಪ್ರಯತ್ನಿಸಲು ಹೆದರಬೇಕಿಲ್ಲ. ಎರಡನ್ನೂ ಒಂದೇ ಎಕ್ಸೆಪ್ಟ್ ಬ್ಲಾಕ್‌ನಲ್ಲಿ ಹಿಡಿದು ‘ನೆಟ್‌ವರ್ಕ್ ತೊಂದರೆ’ ಎಂದು ತೋರಿಸುವ ಕೋಡ್ ನೋಡಿದಾಗೆಲ್ಲ ಬೇಸರವಾಗುತ್ತದೆ.

ರೀಡ್ ಟೈಮ್‌ಔಟ್ ಎಂಬುದು ಇಡೀ ಕರೆಗೆ ಹಾಕಿದ ಗಡುವಲ್ಲ ಎಂಬುದೂ ನೆನಪಿರಲಿ. ಸಾಕೆಟ್‌ನಲ್ಲಿ ಏನೂ ಬಾರದೆ ಎಷ್ಟು ಹೊತ್ತು ಸುಮ್ಮನಿರಬಹುದು ಎಂಬ ಲೆಕ್ಕ ಅದು. ಎಡಬ್ಲ್ಯುಎಸ್‌ನ ಫೈಲ್ ಸಂಗ್ರಹವಾದ ಎಸ್3ಯಿಂದ ದೊಡ್ಡ ಫೈಲ್ ಚೂರು ಚೂರಾಗಿ ಬರುತ್ತಲೇ ಇದ್ದರೆ ಒಂದು ಗಂಟೆಯಾದರೂ 60 ಸೆಕೆಂಡಿನ ಟೈಮ್‌ಔಟ್ ಅಡ್ಡ ಬರುವುದಿಲ್ಲ.

ಹಾಗಾದರೆ ಏನು ಬದಲಿಸಬೇಕು? ಎಲ್ಲದಕ್ಕೂ ಒಂದೇ ಕ್ಲೈಂಟ್ ಇಟ್ಟುಕೊಳ್ಳುವುದನ್ನು ಮೊದಲು ಬಿಡಿ. ಓದುವ ಕೆಲಸಗಳಿಗೆ, ಅಂದರೆ ಎಸ್3 ಫೈಲ್ ತರುವುದು, ಟೇಬಲ್‌ನಿಂದ ದಾಖಲೆ ತೆಗೆಯುವುದು ಇಂಥವಕ್ಕೆ, ಒಂದು ಕಾನ್ಫಿಗ್: ಸ್ಟ್ಯಾಂಡರ್ಡ್ ಮೋಡ್, ಕನೆಕ್ಟ್ ಟೈಮ್‌ಔಟ್ 3ರಿಂದ 5 ಸೆಕೆಂಡು, ರೀಡ್ ಟೈಮ್‌ಔಟ್ 10 ಸೆಕೆಂಡಿನ ಆಸುಪಾಸು, ಒಟ್ಟು 3 ಪ್ರಯತ್ನ. ಇವು ಶುರುಮಾಡಲು ಸಾಕಾಗುವ ಅಂಕಿಗಳು, ನಿಮ್ಮ ನೆಟ್‌ವರ್ಕ್ ಅಳೆದು ತಿದ್ದಿಕೊಳ್ಳಿ. ಲ್ಯಾಂಬ್ಡಾವನ್ನು ಕರೆದು ಉತ್ತರಕ್ಕೆ ಕಾಯುವ ಕ್ಲೈಂಟ್‌ಗೆ ಬೇರೆ ಕಾನ್ಫಿಗ್: ರೀಡ್ ಟೈಮ್‌ಔಟ್ ಆ ಫಂಕ್ಷನ್‌ನ ಟೈಮ್‌ಔಟ್‌ಗಿಂತ ಚೂರು ಹೆಚ್ಚು, ಒಟ್ಟು ಪ್ರಯತ್ನ 1.

ಈ ‘ಒಟ್ಟು 1’ ಬರೆಯುವಾಗ ಬಹಳ ಜನ ಎಡವುತ್ತಾರೆ. ಬೋಟೊ3ರ ಕಾನ್ಫಿಗ್ ಆಬ್ಜೆಕ್ಟ್‌ನಲ್ಲಿ ‘ಮ್ಯಾಕ್ಸ್ ಅಟೆಂಪ್ಟ್ಸ್’ ಎಂದು ಕೊಟ್ಟರೆ ಅದು ಮೊದಲ ಕರೆಯ ನಂತರದ ಮರುಪ್ರಯತ್ನಗಳ ಸಂಖ್ಯೆ. ಅಲ್ಲಿ 1 ಬರೆದರೆ ಕರೆ ಎರಡು ಸಲ ಹೋಗುತ್ತದೆ. ಒಂದೇ ಸಲ ಹೋಗಬೇಕಾದರೆ 0 ಬರೆಯಬೇಕು. ಅದೇ ಹೆಸರನ್ನು ಕಾನ್ಫಿಗ್ ಫೈಲ್‌ನಲ್ಲೋ ಎನ್ವಿರಾನ್ಮೆಂಟ್ ವೇರಿಯಬಲ್ ಆಗಿಯೋ ಕೊಟ್ಟರೆ ಮೊದಲನೆಯದೂ ಸೇರಿದ ಒಟ್ಟು ಲೆಕ್ಕ. ಈ ಗೊಂದಲ ತಪ್ಪಿಸಲು ಕೋಡ್‌ನಲ್ಲಿ ‘ಟೋಟಲ್ ಮ್ಯಾಕ್ಸ್ ಅಟೆಂಪ್ಟ್ಸ್’ ಎಂಬುದನ್ನೇ ಬಳಸಿ. ಅದರಲ್ಲಿ 1 ಎಂದರೆ ಒಂದೇ.

ಸಮಯ ಹೆಚ್ಚಿಸಿದರೆ ಎಲ್ಲ ಸರಿಹೋಯಿತೇ ಎಂದರೆ, ಇಲ್ಲ. ಲ್ಯಾಂಬ್ಡಾ ಗರಿಷ್ಠ 900 ಸೆಕೆಂಡು ಓಡಬಲ್ಲದು ಎಂದು ರೀಡ್ ಟೈಮ್‌ಔಟನ್ನೂ 900 ದಾಟಿಸುತ್ತಾರೆ. ಕ್ಲೈಂಟ್ ಇಂಟರ್ನೆಟ್‌ಗೆ ನೇರ ದಾರಿಯಿಲ್ಲದ ಪ್ರೈವೇಟ್ ಸಬ್‌ನೆಟ್‌ನಲ್ಲಿದ್ದು ನ್ಯಾಟ್ ಗೇಟ್‌ವೇ ಮೂಲಕ ಹೊರಗೆ ಹೋಗುತ್ತಿದ್ದರೆ, 350 ಸೆಕೆಂಡು ಮಾತಿಲ್ಲದ ಸಂಪರ್ಕವನ್ನು ಆ ಗೇಟ್‌ವೇ ಕೈಬಿಡುತ್ತದೆ. ಉತ್ತರ ಬರುವ ದಾರಿಯೇ ಮುಚ್ಚಿರುತ್ತದೆ, ಕ್ಲೈಂಟ್ ಮಾತ್ರ 900 ಸೆಕೆಂಡೂ ಕಾಯುತ್ತಾ ಕೂರುತ್ತದೆ. ಇದಕ್ಕೆ ಟಿಸಿಪಿ ಕೀಪ್‌ಅಲೈವ್ (ಸಂಪರ್ಕ ಜೀವಂತವಾಗಿಡಲು ಆಗಾಗ ಕಳಿಸುವ ಸಣ್ಣ ಸಂದೇಶ) ಆನ್ ಮಾಡಿ ಎನ್ನುತ್ತಾರೆ. ನಿಜ, ಆದರೆ ಅಷ್ಟೇ ಸಾಲದು. ಲಿನಕ್ಸ್ ಮೊದಲ ಕೀಪ್‌ಅಲೈವ್ ಕಳಿಸುವುದು ಡೀಫಾಲ್ಟ್ ಆಗಿ 7200 ಸೆಕೆಂಡಿನ ಮೇಲೆ. ಕರ್ನಲ್‌ನ ಆ ಅಂಕಿಯನ್ನು 350ಕ್ಕಿಂತ ಸಾಕಷ್ಟು ಕೆಳಗೆ ಇಳಿಸದಿದ್ದರೆ ಬೋಟೊ3ರಲ್ಲಿ ಆನ್ ಮಾಡಿದ್ದರಿಂದ ಏನೂ ಆಗದು.

ಒಂದೆರಡು ನಿಮಿಷ ಮೀರುವ ಕೆಲಸವಾದರೆ ಕಾಯುವುದನ್ನೇ ಬಿಡುವುದು ಒಳ್ಳೆಯದು. ಇನ್ವೊಕೇಶನ್ ಟೈಪ್ ‘ಇವೆಂಟ್’ ಎಂದು ಕರೆದರೆ ಲ್ಯಾಂಬ್ಡಾ ಕೋರಿಕೆಯನ್ನು ಸರದಿಗೆ ಸೇರಿಸಿಕೊಂಡು ತಕ್ಷಣ 202, ಅಂದರೆ ‘ಸ್ವೀಕರಿಸಿದೆ’, ಎಂದು ಉತ್ತರಿಸುತ್ತದೆ. ಕೆಲಸದ ಸ್ಥಿತಿಯನ್ನು ಒಂದು ಟೇಬಲ್‌ನಲ್ಲಿ ಬರೆಸಿ, ಪರದೆ ಅದನ್ನು ಓದಲಿ. ಆದರೆ ಈ ದಾರಿಯಲ್ಲೂ ಫಂಕ್ಷನ್ ಎರರ್ ಕೊಟ್ಟರೆ ಲ್ಯಾಂಬ್ಡಾ ತಾನೇ ಇನ್ನೆರಡು ಸಲ ಓಡಿಸುತ್ತದೆ. ನೂರು ಜನರಲ್ಲಿ ಅರವತ್ತು ಜನರಿಗೆ ಚೀಟಿ ಹೋದಮೇಲೆ ಫಂಕ್ಷನ್ ಬಿದ್ದರೆ ಆ ಅರವತ್ತು ಜನರಿಗೆ ಮತ್ತೆ ಹೋಗುತ್ತದೆ.

ಅದಕ್ಕೇ ಯಾವ ದಾರಿ ಹಿಡಿದರೂ ‘ಈ ಕೆಲಸ ಆಗಲೇ ಆಗಿದೆ’ ಎಂದು ಗುರುತಿಸುವ ಕೀ ಬೇಕು. ಅದು ವ್ಯವಹಾರದೊಳಗಿಂದಲೇ ಹುಟ್ಟಬೇಕು: ನೌಕರನ ಸಂಖ್ಯೆ, ವರ್ಷ, ತಿಂಗಳು ಸೇರಿಸಿದರೆ ಸಂಬಳದ ಚೀಟಿಗೆ ಸಾಕು. ಪ್ರತಿ ಪ್ರಯತ್ನಕ್ಕೂ ಹೊಸ ಯುಯುಐಡಿ (ಮರುಕಳಿಸದ ಗುರುತು) ಹುಟ್ಟಿಸುವ ಕೋಡ್ ಬರೆದರೆ ಕೀ ಇದ್ದೂ ಇಲ್ಲದಂತೆ. ಎಸ್‌ಡಿಕೆ ತಾನಾಗಿ ಹಾಕುವ ಟೋಕನ್‌ಗಳನ್ನೂ, ಅಂದರೆ ಕರೆಯ ಗುರುತುಗಳನ್ನೂ, ನೆಚ್ಚಬೇಡಿ. ಎಡಬ್ಲ್ಯುಎಸ್‌ನ ಡೇಟಾಬೇಸ್ ಆದ ಡೈನಮೊಡಿಬಿಯಲ್ಲಿ ಹಲವು ದಾಖಲೆಗಳನ್ನು ಒಟ್ಟಿಗೆ ಬರೆಯುವ ಟ್ರಾನ್ಸಾಕ್ಟ್‌ರೈಟ್‌ಐಟಮ್ಸ್ ಕರೆಗೆ ಬೋಟೊ3 ಟೋಕನ್ ತುಂಬುತ್ತದೆ, ಆದರೆ ಅದು ಆ ಒಂದು ಕರೆ ಮತ್ತು ಅದರ ಒಳಗಿನ ಮರುಪ್ರಯತ್ನಗಳಿಗೆ ಮಾತ್ರ. ನಿಮ್ಮ ಕೋಡ್ ಮತ್ತೆ ಕರೆದರೆ ಟೋಕನ್ ಹೊಸದು. ನೀವೇ ಟೋಕನ್ ಕೊಟ್ಟರೂ ಅದು ನಡೆಯುವುದು 10 ನಿಮಿಷ.

ಕೀಯನ್ನು ಡೈನಮೊಡಿಬಿ ಟೇಬಲ್‌ನಲ್ಲಿ ‘ಈ ಕೀ ಇಲ್ಲದಿದ್ದರೆ ಮಾತ್ರ ಬರೆ’ ಎಂಬ ಷರತ್ತಿನೊಂದಿಗೆ ಬರೆಯುವುದು ರೂಢಿ. ಇಲ್ಲೊಂದು ಸೂಕ್ಷ್ಮವಿದೆ. ಬರೆದದ್ದು ಯಶಸ್ವಿಯಾಗಿ, ಉತ್ತರ ಮಾತ್ರ ಕಳೆದುಹೋದರೆ ಎಸ್‌ಡಿಕೆ ಮತ್ತೆ ಬರೆಯಲು ಹೋಗುತ್ತದೆ. ಈ ಸಲ ಷರತ್ತು ವಿಫಲವಾಯಿತೆಂದು ಎರರ್ ಬರುತ್ತದೆ. ‘ಬೇರೆ ಯಾರೋ ಮಾಡಿದ್ದಾರೆ’ ಎಂದುಕೊಂಡು ಫಂಕ್ಷನ್ ಸುಮ್ಮನೆ ಹೊರಬಂದರೆ ಆ ನೌಕರನಿಗೆ ಚೀಟಿ ಹೋಗುವುದೇ ಇಲ್ಲ. ಆದ್ದರಿಂದ ದಾಖಲೆಯಲ್ಲಿ ಬರೆದವರ ರಿಕ್ವೆಸ್ಟ್ ಐಡಿಯನ್ನೂ ಇಡಿ, ಎರರ್ ಬಂದಾಗ ದಾಖಲೆ ಓದಿ ಅದು ನಿಮ್ಮದೇನಾ ಎಂದು ನೋಡಿ. ‘ನಡೆಯುತ್ತಿದೆ’ ಮತ್ತು ‘ಮುಗಿದಿದೆ’ ಎಂಬ ಎರಡು ಸ್ಥಿತಿ ಇರಲಿ. ‘ನಡೆಯುತ್ತಿದೆ’ ಎಂಬುದು ಫಂಕ್ಷನ್‌ನ ಟೈಮ್‌ಔಟ್ ಮೀರಿಯೂ ಹಾಗೇ ಉಳಿದಿದ್ದರೆ ಓಟ ನಡುವೆ ಸತ್ತಿದೆ ಎಂದು ತಿಳಿಯಿರಿ. ಇಷ್ಟೆಲ್ಲ ಕೈಯಾರೆ ಬರೆಯಬೇಕಿಲ್ಲ, ಪವರ್‌ಟೂಲ್ಸ್ ಫಾರ್ ಎಡಬ್ಲ್ಯುಎಸ್ ಲ್ಯಾಂಬ್ಡಾ ಎಂಬ ಲೈಬ್ರರಿಯಲ್ಲಿ ಐಡೆಂಪೊಟೆನ್ಸಿ (ಎಷ್ಟು ಸಲ ಕರೆದರೂ ಕೆಲಸ ಒಂದೇ ಸಲ ಆದಂತಿರುವುದು) ಎಂಬ ಭಾಗ ಇದಕ್ಕೇ ಇದೆ. ಆದರೆ ಅದರ ದಾಖಲೆ ಡೀಫಾಲ್ಟ್ ಆಗಿ 1 ಗಂಟೆಗೆ ಅವಧಿ ಮೀರುತ್ತದೆ. ತಿಂಗಳಿಗೊಮ್ಮೆಯ ಸಂಬಳಕ್ಕೆ ಅದು ಸಾಲದು, ನೀವೇ ಹೆಚ್ಚಿಸಬೇಕು. ದುಡ್ಡೇ ವರ್ಗಾವಣೆಯಾಗುವ ಕಡೆ ಇದನ್ನೊಂದನ್ನೇ ನಂಬದೆ ಬ್ಯಾಂಕ್ ಅಥವಾ ಪೇಮೆಂಟ್ ಗೇಟ್‌ವೇ ಕೊಡುವ ಸ್ಥಿತಿ ವಿಚಾರಣೆಯ ಎಪಿಐಯನ್ನೂ ಬಳಸಿ.

ಮರುಪ್ರಯತ್ನ ಒಂದೇ ಕಡೆ ಇರಲಿ. ಎಸ್‌ಡಿಕೆಯಲ್ಲಿ 5, ಅದನ್ನು ಕರೆಯುವ ಸರ್ವರ್‌ನಲ್ಲಿ 3, ಅದಕ್ಕೂ ಮೇಲೆ ಜಾಬ್ ಕ್ಯೂನಲ್ಲಿ 3 ಎಂದಿದ್ದರೆ ಒಂದು ಒತ್ತಿಗೆ 45 ಕರೆ ಹೋಗಬಹುದು. ಒಂದೊಂದು ಪದರವನ್ನೂ ಬರೆದವರು ಎಚ್ಚರದಿಂದಲೇ ಬರೆದಿರುತ್ತಾರೆ, ಪಕ್ಕದ ಪದರದಲ್ಲಿ ಏನಿದೆ ಎಂದು ಕೇಳಿರುವುದಿಲ್ಲ.

ನಿಮ್ಮ ಕ್ಲೈಂಟ್ ಹೇಗೆ ನಡೆದುಕೊಳ್ಳುತ್ತದೆಂದು ತಿಳಿಯಲು ಊಹೆ ಬೇಡ. ಟೆಸ್ಟ್ ಅಕೌಂಟ್‌ನಲ್ಲಿ ಮೇಲ್ ಕಳಿಸದ, 75 ಸೆಕೆಂಡು ಸುಮ್ಮನೆ ನಿದ್ರಿಸುವ ಒಂದು ಫಂಕ್ಷನ್ ಬರೆಯಿರಿ. ಫಂಕ್ಷನ್‌ನ ಟೈಮ್‌ಔಟ್ ಡೀಫಾಲ್ಟ್ 3 ಸೆಕೆಂಡು ಇರುತ್ತದೆ, ಅದನ್ನು 120ಕ್ಕೆ ಏರಿಸಲು ಮರೆಯಬೇಡಿ, ಇಲ್ಲವಾದರೆ ಪರೀಕ್ಷೆ ನಡೆಯುವುದೇ ಇಲ್ಲ. ಅದನ್ನು ಈಗ ನಿಜ ಬಳಕೆಯಲ್ಲಿರುವ ಕ್ಲೈಂಟ್ ಕಾನ್ಫಿಗ್‌ನಿಂದಲೇ ಒಮ್ಮೆ ಕರೆದು, ಆರು ನಿಮಿಷ ಬಿಟ್ಟು ಲಾಗ್ ಗ್ರೂಪ್‌ನಲ್ಲಿ ‘ಸ್ಟಾರ್ಟ್’ ಸಾಲುಗಳನ್ನು ಎಣಿಸಿ. ಒಂದಕ್ಕಿಂತ ಹೆಚ್ಚಿದ್ದರೆ ಮೇಲಿನ ಕಾನ್ಫಿಗ್ ಬದಲಿಸಿ ಮತ್ತೆ ಎಣಿಸಿ. ಉತ್ತರ ಬಂದ ಕರೆಗಳಲ್ಲಿ ರೆಸ್ಪಾನ್ಸ್ ಮೆಟಾಡೇಟಾದೊಳಗೆ ‘ರೀಟ್ರೈ ಅಟೆಂಪ್ಟ್ಸ್’ ಎಂಬ ಅಂಕಿ ಇರುತ್ತದೆ. ಅದನ್ನು ದಿನವೂ ಲಾಗ್‌ಗೆ ಬರೆಸಿ, ಸೊನ್ನೆ ಬಿಟ್ಟು ಬೇರೆ ಅಂಕಿ ಕಾಣಲು ಶುರುವಾದ ದಿನವೇ ಕಾರಣ ಹುಡುಕಿ.