ಬಾಗಿಲಿಲ್ಲದ ಫೋನ್ ಬೂತ್: 1978ರ ಸೂಪರ್‌ಮ್ಯಾನನ್ನು ಈಗ ನೋಡುವುದು ಹೇಗೆ?

ಹಳೆಯ ಸೂಪರ್‌ಹೀರೋ ಸಿನಿಮಾ ಅಂದರೆ ಒಬ್ಬರು ‘ಬರೀ ಮಕ್ಕಳಾಟ’ ಅನ್ನುತ್ತಾರೆ, ಇನ್ನೊಬ್ಬರು ‘ಆ ಕಾಲಕ್ಕೆ ಅದೇ ದೊಡ್ಡದು’ ಅಂತ ಬಾಯಿ ಮುಚ್ಚಿಸುತ್ತಾರೆ. 1978ರ ‘ಸೂಪರ್‌ಮ್ಯಾನ್’ ವಿಷಯದಲ್ಲಂತೂ ಈ ಜಗಳದ ನಡುವೆ ಸಿನಿಮಾನೇ ಮರೆತುಹೋಗುತ್ತದೆ.

ಸೂಪರ್‌ಮ್ಯಾನ್ ಕಾಮಿಕ್ಸ್‌ನಲ್ಲಿ ಹುಟ್ಟಿದ್ದು 1938ರಲ್ಲಿ. ಆಮೇಲೆ ರೇಡಿಯೊ, ಕಾರ್ಟೂನು, ಟಿವಿ, 1954ರಲ್ಲಿ ಕಾಮಿಕ್ಸ್ ಪ್ರಕಾಶಕರು ತಾವೇ ಹಾಕಿಕೊಂಡ ಸೆನ್ಸಾರ್ ನಿಯಮ, 1966ರಲ್ಲಿ ಬ್ಯಾಟ್‌ಮ್ಯಾನನ್ನೇ ತಮಾಷೆ ಮಾಡಿದ ಟಿವಿ ಸರಣಿ. ಅಷ್ಟರಲ್ಲಿ ಸೂಪರ್‌ಹೀರೋ ಅಂದರೆ ನಗೋಕೆ ಅಂತಾಗಿತ್ತು.

ಅಂಥ ಹೊತ್ತಲ್ಲಿ ನಿರ್ದೇಶಕ ರಿಚರ್ಡ್ ಡಾನರ್ ಈ ಕತೆ ನಿಜ ಅನ್ನಿಸಬೇಕು ಅಂತ ಹಟ ಹಿಡಿದರು. ಅಮೆರಿಕದಲ್ಲಿ ವಾಟರ್‌ಗೇಟ್ ಹಗರಣದಿಂದ 1974ರಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟಿದ್ದರು, ಮರುವರ್ಷ ವಿಯೆಟ್ನಾಂ ಯುದ್ಧ ಮುಗಿದಿತ್ತು. ಅಧಿಕಾರದಲ್ಲಿದ್ದವರ ಮಾತನ್ನು ಯಾರೂ ಸುಮ್ನೆ ನಂಬುತ್ತಿರಲಿಲ್ಲ. ಇಲ್ಲಿ ಒಬ್ಬ ಆಕಾಶದಿಂದ ಇಳಿದು, ಸತ್ಯ, ನ್ಯಾಯ ಮತ್ತು ಅಮೆರಿಕದ ದಾರಿಗಾಗಿ ಹೋರಾಡೋಕೆ ಬಂದಿದ್ದೇನೆ ಅನ್ನುತ್ತಾನೆ. ಈಗಿನವರಿಗೆ ಇದು ಪೆದ್ದುತನ. ಆದರೆ ಗಮನಿಸಿ, ನಮಗಿಂತ ಮೊದಲು ಸಿನಿಮಾದ ನಾಯಕಿ, ಪತ್ರಕರ್ತೆ ಲೋಯಿಸ್ ಲೇನೇ ನಗುತ್ತಾಳೆ. ಹಾಗಾದರೆ ದೇಶದಲ್ಲಿ ಆರಿಸಿಬಂದವರೆಲ್ಲರ ಜೊತೆ ಹೊಡೆದಾಡಬೇಕಾಗುತ್ತೆ ಅನ್ನುತ್ತಾಳೆ. ಅವನು ತಾನು ಸುಳ್ಳು ಹೇಳಲ್ಲ ಅನ್ನುತ್ತಾನೆ, ಅಷ್ಟೇ. ಅಂದರೆ ಸಿನಿಮಾಕ್ಕೆ ಕಾಲ ಎಂಥದ್ದು ಅಂತ ಚೆನ್ನಾಗಿ ಗೊತ್ತಿತ್ತು, ಅಲ್ವಾ?

ಫೋನ್ ಬೂತ್ ದೃಶ್ಯವೂ ಹಾಗೇ. ಕ್ಲಾರ್ಕ್, ಅಂದರೆ ಕನ್ನಡಕ ಹಾಕಿಕೊಂಡು ಸಾಮಾನ್ಯನಂತೆ ಬದುಕುವ ಸೂಪರ್‌ಮ್ಯಾನ್, ಬಟ್ಟೆ ಬದಲಿಸೋಕೆ ಓಡಿಬರುತ್ತಾನೆ. ಎದುರಿಗೆ ಫೋನ್ ಇದೆ, ಆದರೆ ಬಾಗಿಲೂ ಇಲ್ಲ, ಮರೆಯೂ ಇಲ್ಲ. ಮೇಲಿಂದ ಕೆಳಗೆ ಒಮ್ಮೆ ನೋಡಿ ಬೇರೆ ಕಡೆ ಓಡುತ್ತಾನೆ. ಸೂಪರ್‌ಮ್ಯಾನ್ ಬೂತಿನೊಳಗೆ ಬಟ್ಟೆ ಬದಲಿಸುತ್ತಾನೆ ಅಂತ ಗೊತ್ತಿದ್ದವರಿಗೆ ಒಂದೇ ಕ್ಷಣಕ್ಕೆ ನಗು. ಫೋನ್ ಬೂತನ್ನೇ ನೋಡದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕು.

ಹಾಗಂತ ಎಲ್ಲದಕ್ಕೂ ಕಾಲದ ನೆಪ ಕೊಡೋಕಾಗಲ್ಲ. ಸತ್ತ ಲೋಯಿಸ್‌ಳನ್ನು ಉಳಿಸೋಕೆ ಸೂಪರ್‌ಮ್ಯಾನ್ ಕಾಲವನ್ನೇ ಹಿಂದಕ್ಕೆ ತಿರುಗಿಸುತ್ತಾನೆ. ಈ ಕೊನೆ ಮೊದಲು ಎರಡನೇ ಭಾಗಕ್ಕೆ ಅಂತ ಯೋಚಿಸಿದ್ದು. ಇದು ಗೊತ್ತಾದರೆ ಆ ಕೊನೆ ಯಾಕೆ ಹಾಗಿದೆ ಅಂತ ತಿಳಿಯುತ್ತದೆ, ಆದರೆ ಗಟ್ಟಿಯಾಗುವುದಿಲ್ಲ. ಸಾವನ್ನು ಅಷ್ಟು ಸಲೀಸಾಗಿ ಅಳಿಸಿದರೆ ಯಾವ ಕಾಲದಲ್ಲೂ ಕತೆ ಸಡಿಲವೇ.

1989ರ ಕತ್ತಲೆ ತುಂಬಿದ ಬ್ಯಾಟ್‌ಮ್ಯಾನ್, 2002ರ ಸ್ಪೈಡರ್‌ಮ್ಯಾನ್, ಆಮೇಲೆ ಬಂದ ಕಂಪ್ಯೂಟರ್ ಗ್ರಾಫಿಕ್ಸ್ ನಮ್ಮ ಕಣ್ಣಿನ ಅಳತೆಯನ್ನೇ ಬದಲಿಸಿದವು. ಆದರೂ ಲೋಯಿಸ್ ಮನೆಯಲ್ಲಿ, ಕ್ಲಾರ್ಕ್ ಪಾತ್ರದ ನಟ ಕ್ರಿಸ್ಟೋಫರ್ ರೀವ್ ಒಮ್ಮೆ ಕನ್ನಡಕ ತೆಗೆಯುತ್ತಾರೆ. ಬೆನ್ನು ನೆಟ್ಟಗಾಗುತ್ತದೆ, ದನಿ ಗಟ್ಟಿಯಾಗುತ್ತದೆ, ತಾನೇ ಸೂಪರ್‌ಮ್ಯಾನ್ ಅಂತ ಕ್ಲಾರ್ಕ್ ಹೇಳಿಬಿಡುತ್ತಾನೆ ಅನ್ನಿಸುತ್ತದೆ. ಮತ್ತೆ ಧೈರ್ಯ ಸಾಲದೆ ಕನ್ನಡಕ ಮೂಗಿಗೇರುತ್ತದೆ, ಭುಜ ಇಳಿಯುತ್ತದೆ.