ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಹಿಡಿಯುವ ರಂಧ್ರಮಯ ವಸ್ತುಗಳು: ಮೇಲ್ಮೈ ಒಂದನ್ನೇ ನೋಡಬೇಡಿ

ಈ ಪಾಠದಲ್ಲಿ ಎಲ್ಲರ ಕಣ್ಣು ಮೊದಲು ಬೀಳುವುದು ಮೇಲ್ಮೈ ವಿಸ್ತೀರ್ಣದ ಮೇಲೆ. ಲೋಹದ ಅಯಾನುಗಳನ್ನು ಸಾವಯವ ಅಣುಗಳಿಂದ ಜೋಡಿಸಿ ಕಟ್ಟುವ ಎಂಒಎಫ್‌ಗಳಲ್ಲಿ ಕೆಲವಕ್ಕೆ ಒಂದೇ ಗ್ರಾಂನಲ್ಲಿ ಸುಮಾರು 7,000 ಚದರ ಮೀಟರ್ ಮೇಲ್ಮೈ ಇರುತ್ತದೆ. 2025ರ ರಸಾಯನಶಾಸ್ತ್ರದ ನೊಬೆಲ್ ಕೂಡ ಈ ರಚನೆಗಳಿಗಾಗಿಯೇ ಕಿಟಗಾವ, ರಾಬ್ಸನ್, ಯಾಘಿ ಅವರಿಗೆ ಬಂತು. ಆದರೆ ಬರೀ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಹಿಡಿಯಬೇಕು ಅಂದಾಗ ಆ ದೊಡ್ಡ ಸಂಖ್ಯೆಯಿಂದ ಜಾಸ್ತಿ ಉಪಯೋಗವಿಲ್ಲ.

ಯಾಕೆ ಅಂದರೆ, ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ನಮಗೆ ಬೇಕಾದವು ಸುಮಾರು 420 ಮಾತ್ರ. ಒಂದು ಘನ ಮೀಟರ್ ಗಾಳಿಯಲ್ಲಿ ಸಿಗುವುದು ಮುಕ್ಕಾಲು ಗ್ರಾಂ. ಒಂದು ಟನ್ ಬೇಕಾದರೆ, ಒಂದು ಅಣುವೂ ತಪ್ಪಿಸಿಕೊಳ್ಳದೆ ಸಿಕ್ಕರೂ, ಸುಮಾರು 13 ಲಕ್ಷ ಘನ ಮೀಟರ್ ಗಾಳಿ ಹಾಯಿಸಬೇಕು! ಹಾಗಾಗಿ ಜಾಗ ಎಷ್ಟಿದೆ ಅನ್ನುವುದಕ್ಕಿಂತ ಹಿಡಿತ ಎಷ್ಟು ಬಿಗಿ ಅನ್ನುವುದೇ ಮುಖ್ಯ. ಐಸೋಥರ್ಮ್ ಗ್ರಾಫ್ (ಒಂದೇ ಉಷ್ಣತೆಯಲ್ಲಿ ಅನಿಲದ ಒತ್ತಡ ಏರಿದಂತೆ ವಸ್ತು ಎಷ್ಟು ಹಿಡಿಯುತ್ತದೆ ಎಂದು ತೋರಿಸುವ ಗೆರೆ) ಸಿಕ್ಕಿದಾಗ 1 ಬಾರ್ ಹತ್ತಿರದ ಎತ್ತರ ನೋಡಿ ಖುಷಿಪಡಬೇಡಿ, ಎಡ ಮೂಲೆಯಲ್ಲಿ 0.4 ಮಿಲಿಬಾರ್ ಹತ್ತಿರ (ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಪಾಲಿನ ಒತ್ತಡ ಇಷ್ಟೇ) ಗೆರೆ ಎಷ್ಟು ಏರಿದೆ ನೋಡಿ.

ಝಿಯೊಲೈಟ್ 13ಎಕ್ಸ್ ಅನ್ನುವ, ಸಿಲಿಕಾನ್, ಅಲ್ಯೂಮಿನಿಯಂ, ಆಕ್ಸಿಜನ್‌ಗಳಿಂದಾದ ರಂಧ್ರಮಯ ವಸ್ತುವನ್ನು ತೆಗೆದುಕೊಳ್ಳಿ. ಕಾರ್ಬನ್ ಡೈಆಕ್ಸೈಡ್ ಅಣುವಿನ ಎರಡು ತುದಿಯ ಆಕ್ಸಿಜನ್‌ಗಳಲ್ಲಿ ಸ್ವಲ್ಪ ಋಣ ವಿದ್ಯುದಂಶ ಇರುತ್ತದೆ, ರಂಧ್ರದೊಳಗಿನ ಸೋಡಿಯಂ ಅಯಾನು ಅದನ್ನು ಎಳೆದುಕೊಳ್ಳುತ್ತದೆ. ಒಣ ಗಾಳಿಯಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ತೊಂದರೆ ಇರುವುದು ತೇವದಲ್ಲಿ: 25 ಡಿಗ್ರಿ ಬಿಸಿ, ಅರ್ಧದಷ್ಟು ಆರ್ದ್ರತೆ ಇರುವ ಗಾಳಿಯಲ್ಲಿ ಒಂದು ಕಾರ್ಬನ್ ಡೈಆಕ್ಸೈಡ್ ಅಣುವಿಗೆ 35ಕ್ಕೂ ಹೆಚ್ಚು ನೀರಿನ ಅಣುಗಳಿರುತ್ತವೆ, ಸೋಡಿಯಂಗೂ ನೀರೇ ಹೆಚ್ಚು ಇಷ್ಟ. ಜಾಗವೆಲ್ಲ ಅವುಗಳ ಪಾಲಾಗುತ್ತದೆ.

ಇಲ್ಲಿ ನೆರವಿಗೆ ಬರುವುದು ಅಮೈನ್, ಅಂದರೆ ನೈಟ್ರೋಜನ್ ಇರುವ ಸಾವಯವ ಗುಂಪು. ರಂಧ್ರದ ಗೋಡೆಗೆ ಅಮೈನ್ ಕೂರಿಸಿದರೆ ಸುಮ್ನೆ ಅಂಟಿಕೊಳ್ಳುವ ಬದಲು ರಾಸಾಯನಿಕ ಬಂಧವೇ ಆಗುತ್ತದೆ. ಒಣ ಸ್ಥಿತಿಯಲ್ಲಿ ಒಂದು ಕಾರ್ಬನ್ ಡೈಆಕ್ಸೈಡ್‌ಗೆ ಎರಡು ಅಮೈನ್ ಬೇಕು. ನೀರಿದ್ದರೆ ಬೈಕಾರ್ಬೊನೇಟ್ ದಾರಿಯೂ ತೆರೆಯುತ್ತದೆ, ಆಗ ಒಂದೇ ಸಾಕು. ಅಂದರೆ ಝಿಯೊಲೈಟ್‌ಗೆ ಶತ್ರುವಾಗಿದ್ದ ತೇವ ಇಲ್ಲಿ ಸಹಾಯಕ್ಕೆ ಬರುತ್ತದೆ. ನನಗೆ ಈ ಪಾಠದಲ್ಲಿ ತುಂಬಾ ಇಷ್ಟವಾದ ಭಾಗ ಇದೇ.

ಹಿಡಿದದ್ದನ್ನು ಬಿಡಿಸಬೇಕು ಕೂಡ, ಅಲ್ವಾ? ಹಿಡಿತ ಬಿಗಿಯಾದಷ್ಟೂ ಬಿಡಿಸಲು ಶಾಖ ಜಾಸ್ತಿ. 2024ರಲ್ಲಿ ಯಾಘಿ ತಂಡ ಪ್ರಕಟಿಸಿದ ಸಿಒಎಫ್-999 (ಅಮೈನ್ ಕೂರಿಸಿದ, ಲೋಹವಿಲ್ಲದ ರಂಧ್ರಮಯ ಸಾವಯವ ವಸ್ತು) ಅಷ್ಟು ಗಮನ ಸೆಳೆದದ್ದು ಇದಕ್ಕೇ, ಅದು 60 ಡಿಗ್ರಿಯಲ್ಲೇ ಬಿಟ್ಟುಕೊಡುತ್ತದೆ, ಹೊರಗಿನ ಗಾಳಿಯಲ್ಲಿ 100 ಸಲ ಹಿಡಿದು ಬಿಟ್ಟ ಮೇಲೂ ಅದರ ಶಕ್ತಿ ಕುಗ್ಗಿರಲಿಲ್ಲ. ಎಲ್ಲ ಅಮೈನ್ ವಸ್ತುಗಳೂ ಇಷ್ಟು ಗಟ್ಟಿಯಲ್ಲ. ಬಿಸಿಯಲ್ಲಿ ಆಕ್ಸಿಜನ್ ತಗುಲಿದರೆ ಅಮೈನ್ ಹಾಳಾಗುತ್ತದೆ, ಆದ್ದರಿಂದ ಅನೇಕ ಯಂತ್ರಗಳಲ್ಲಿ ಕಾಯಿಸುವ ಮುಂಚೆ ಒಳಗಿನ ಗಾಳಿಯನ್ನು ಪಂಪ್ ಮಾಡಿ ಹೊರಗೆ ತೆಗೆಯುತ್ತಾರೆ.