ಅನಸ್ತೇಶಿಯಾ ಕೊಟ್ಟಾಗ ಮೆದುಳು ಆಫ್ ಆಗುತ್ತಾ?

ಪ್ರಶ್ನೆ: ಅಮ್ಮನಿಗೆ ಪಿತ್ತಕೋಶದ ಆಪರೇಷನ್ ಆಯಿತು. "ಈಗ ತಾನೆ ಕಣ್ಣು ಮುಚ್ಚಿದೆ, ಆಗಲೇ ಮುಗೀತಾ?" ಅಂತ ಕೇಳಿದರು. ಆ ಎರಡು ಗಂಟೆ ಅವರ ಮೆದುಳು ಆಫ್ ಆಗಿತ್ತಾ?

ಉತ್ತರ: ಇಲ್ಲ. ಅದು ನಿದ್ದೆಯೂ ಅಲ್ಲ. "ನಿದ್ದೆ ಬರುತ್ತೆ" ಅಂತ ಡಾಕ್ಟರು ಹೇಳುವುದು ಧೈರ್ಯಕ್ಕೆ ಅಷ್ಟೆ. ನಿದ್ದೆಯಲ್ಲಿದ್ದವರು ಚಿವುಟಿದರೆ ಏಳುತ್ತಾರೆ, ಅಲ್ವಾ?

ಸಾಮಾನ್ಯವಾಗಿ ಕೊಡುವ ಇಂಜೆಕ್ಷನ್ ಪ್ರೊಪೊಫಾಲ್. ನೋಡಲು ಹಾಲಿನಂತಿರುತ್ತದೆ. ನರಕೋಶಗಳನ್ನು ಸುಮ್ಮನಿರಿಸುವ ಗಾಬಾ ಎಂಬ ರಾಸಾಯನಿಕ ಮೆದುಳಿನಲ್ಲೇ ಇದೆ. ಪ್ರೊಪೊಫಾಲ್ ಅದಕ್ಕೆ ಬಲ ತುಂಬುತ್ತದೆ. ಆಗ ಮೆದುಳಿನಲ್ಲಿ ಸೆಕೆಂಡಿಗೆ ಒಂದಕ್ಕಿಂತ ಕಡಿಮೆ ವೇಗದ ನಿಧಾನ ವಿದ್ಯುತ್ ಅಲೆಗಳು ಏಳುತ್ತವೆ. ನರಕೋಶಗಳು ಒಂದು ಗಳಿಗೆ ಕೆಲಸ ಮಾಡಿ, ಮತ್ತೊಂದು ಗಳಿಗೆ ಸುಮ್ಮನಾಗುತ್ತವೆ. ಮಜಾ ಏನೆಂದರೆ, ಒಂದು ಭಾಗ ಎದ್ದಿರುವಾಗ ದೂರದ ಇನ್ನೊಂದು ಭಾಗ ಮಲಗಿರುತ್ತದೆ. ಗಂಡನಿಗೆ ಡೇ ಶಿಫ್ಟ್, ಹೆಂಡತಿಗೆ ನೈಟ್ ಶಿಫ್ಟ್ ಇದ್ದ ಹಾಗೆ. ಇರುವುದು ಒಂದೇ ಮನೆಯಲ್ಲಿ, ಮಾತಿಗೆ ಮಾತ್ರ ಸಿಗುವುದಿಲ್ಲ!

ಶಬ್ದ ಮಾಡಿದರೆ, ಕಿವಿಯಿಂದ ಸುದ್ದಿ ಬರುವ ಮೆದುಳಿನ ಭಾಗ ಆಗಲೂ ಸ್ಪಂದಿಸುತ್ತದೆ. ಆದರೆ ಆ ಸುದ್ದಿ ಅಲ್ಲಿಂದ ಮುಂದೆ ಸರಿಯಾಗಿ ಹೋಗುವುದಿಲ್ಲ. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮಿಡಜೋಲಾಮ್ ಎಂಬ ಮತ್ತು ಬರಿಸುವ ಔಷಧ ಕೊಟ್ಟು, ತಲೆಯ ಹೊರಗಿನಿಂದ ಅಯಸ್ಕಾಂತದ ಸಣ್ಣ ಪೆಟ್ಟು ಹಾಕಿ ನೋಡಿದರು. ಎಚ್ಚರವಿದ್ದಾಗ ಆ ಪೆಟ್ಟಿನ ಅಲೆ ಮೆದುಳಿನ ಬೇರೆ ಬೇರೆ ಕಡೆ ಓಡಾಡಿತ್ತು. ಪ್ರಜ್ಞೆ ತಪ್ಪಿದಾಗ ಹುಟ್ಟಿದ ಜಾಗದಲ್ಲೇ ಆರಿಹೋಯಿತು.

ಕೆಟಮೈನ್ ಎಂಬ ಇನ್ನೊಂದು ಅನಸ್ತೇಶಿಯಾ ಔಷಧ ಕೆಲಸ ಮಾಡುವ ದಾರಿಯೇ ಬೇರೆ, ಅದರ ಮತ್ತಿನಲ್ಲಿ ವಿಚಿತ್ರ ಕನಸೂ ಬೀಳುತ್ತದೆ. ಆದರೂ 2013ರ ಒಂದು ಅಧ್ಯಯನದಲ್ಲಿ ಕೆಟಮೈನ್, ಪ್ರೊಪೊಫಾಲ್ ಮತ್ತು ಮೂಗಿನಿಂದ ಎಳೆಯುವ ಸೆವೊಫ್ಲುರೇನ್, ಈ ಮೂರರಲ್ಲೂ ಮೆದುಳಿನ ಮುಂಭಾಗದಿಂದ ಹಿಂದಕ್ಕೆ ಹೋಗುವ ಸಂದೇಶ ಕುಗ್ಗಿದ್ದು ಕಂಡಿತು. ನನಗಂತೂ ಎಲ್ಲಕ್ಕಿಂತ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಇದೇ.

ಇನ್ನು ಆ ಎರಡು ಗಂಟೆ ಎಲ್ಲಿ ಹೋಯಿತು? ಪ್ರಜ್ಞೆ ತಪ್ಪಿಸಲು ಬೇಕಾಗುವುದಕ್ಕಿಂತ ಕಡಿಮೆ ಔಷಧವೇ ಹೊಸ ನೆನಪು ಕೂರುವುದನ್ನು ತಡೆಯುತ್ತದೆ. ಗಾಬರಿ ಇಳಿಸಲು ಆಪರೇಷನ್‌ಗೆ ಮೊದಲು ಕೊಡುವ ಮಿಡಜೋಲಾಮ್ ಅಂಥದ್ದೇ. ಅದನ್ನು ಕೊಟ್ಟಿದ್ದರೆ, ನಿಮ್ಮ ಅಮ್ಮ ಓಟಿ ಒಳಗೆ ನರ್ಸ್ ಜೊತೆ ಚೆನ್ನಾಗಿಯೇ ಮಾತಾಡಿರಬಹುದು. ಈಗ ಕೇಳಿದರೆ "ನಾನಾ?" ಅಂದಾರು.